ದಾಕು ಹಾಕಿಸಿಕೊಂಡ ಮುದ್ದು

ಬೋಳಾರದ ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊರುತ್ತಿದ್ದ ಮುದ್ದುವಿಗೆ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಲಾಗುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಅವಳು ಚಿಕ್ಕವಳಿದ್ದಾಗ, ಸಿಡುಬು ಬಾರದಿರಲೆಂದು ಮನೆಯವರು ಅವಳ ತಮ್ಮ ದುಗ್ಗಪ್ಪನ ತೋಳಿಗೆ ಸೂಜಿಯಲ್ಲಿ ದಾಕು, ಅಂದರೆ ಲಸಿಕೆ, ಹಾಕಿಸಿದ್ದರು. "ಎಂತ ಸಹ ಆಗುವುದಿಲ್ಲ" ಎಂದಿದ್ದ, ಹಾಕಿದವನು. ತೋಳು ಕೀವುಗಟ್ಟಿತು. ಮಗು ಉಳಿಯಲಿಲ್ಲ.

ಮೂವತ್ತರ ದಶಕದ ಒಂದು ಬೇಸಿಗೆ, ಕುದ್ರೋಳಿಯ ಕಡೆ ಸಿಡುಬು ಎದ್ದಿತು. ದಾಕು ಹಾಕುವ ಲ್ಯಾನ್ಸಿ ಪೆಟ್ಟಿಗೆ ಹಿಡಿದು ಬೋಳಾರದ ಸಾಲುಮನೆಗಳಿಗೂ ಬಂದ. ಮುದ್ದು ಮಗಳು ಕುಶಲಾಳನ್ನು ಸೌದೆಕೊಟ್ಟಿಗೆಗೆ ತಳ್ಳಿ ಬಾಗಿಲಿಗೆ ಅಡ್ಡ ನಿಂತಳು.

"ಅದರಲ್ಲಿ ಕರುವಿನ ಕೀವು ಉಂಟಂತೆ, ಹೌದಾ?"

ಇಲ್ಲ ಎನ್ನುತ್ತಾನೆ, ಆಗ ಬೈದು ಅಟ್ಟಬಹುದು ಎಂದುಕೊಂಡಿದ್ದಳು.

"ಹೌದು," ಎಂದ ಲ್ಯಾನ್ಸಿ. "ಕರುವಿನ ಮೈಯಿಂದ ತೆಗೆದದ್ದೇ. ತೋಳು ಊದ್ತದೆ, ಜ್ವರ ಬರ್ತದೆ. ಗಾಯ ಕೊಳಕು ಮಾಡಿದ್ರೆ ಕೆಡುವುದೂ ಉಂಟು. ಆದ್ರೆ ಸಿಡುಬು ಬಂದ್ರೆ ಇದರ ನೂರು ಪಾಲು, ಮಾರಾಯ್ತಿ. ದೊಡ್ಡವರೂ ಹಾಕಿಸಿಕೊಳ್ಬೇಕು."

ಒಳಗಿನಿಂದ ಅತ್ತೆ ಕೂಗಿದಳು: "ದೇವಿಗೆ ಸೂಜಿ ಅಡ್ಡ ಹಿಡಿಯುವುದಾ? ಕಳಿಸು ಅವನನ್ನು!"

ಮುದ್ದು ಕಳಿಸಿದಳು. ಆದರೆ ಅವನ ಮಾತು ತಲೆಯಿಂದ ಹೋಗಲಿಲ್ಲ. ಇಷ್ಟು ಕೆಟ್ಟದ್ದನ್ನು ತಾನಾಗಿಯೇ ಹೇಳುವವನಿಗೆ ಏನು ಲಾಭ? ಮರುದಿನ ಕಾರ್ಖಾನೆಯ ಗೇಟಿನ ಬಳಿ ಅವನನ್ನು ತಡೆದು ತೋಳು ಚಾಚಿದಳು.

"ಮೊದಲು ನನಗೆ. ನಾನು ಬದುಕಿದ್ರೆ ಮಗುವಿಗೆ."

ಅವನು ಹೇಳಿದ ಹಾಗೇ ತೋಳು ಊದಿತು, ಜ್ವರ ಬಂತು. ಸೀರೆಯ ಸೆರಗಿನಡಿ ಮುಚ್ಚಿಟ್ಟು, ಹಂಚಿನ ಹೊರೆ ಭುಜಕ್ಕೆ ತಾಗಿತೆಂದು ಅತ್ತೆಗೆ ಸುಳ್ಳು ಹೇಳಿದಳು. ದಿನಾ ಗಾಯವನ್ನು ಮೂಸಿ ನೋಡುತ್ತಿದ್ದಳು. ತಮ್ಮನ ತೋಳಿನ ಆ ನಾತ ಬರಲಿಲ್ಲ. ಗಾಯದ ಹಕ್ಕಳೆ ಒಣಗಿದ ಮೇಲೆ ಕುಶಲಾಳನ್ನು ಗುಟ್ಟಾಗಿ ಲ್ಯಾನ್ಸಿಯ ಬಳಿ ಕರೆದೊಯ್ದು ದಾಕು ಹಾಕಿಸಿದಳು.

ಮಳೆಗೆ ಮುಂಚೆ ಸಿಡುಬು ಸಾಲುಮನೆಗೆ ಬಂದೇಬಿಟ್ಟಿತು. ಮಲಗಿದವಳು ಅತ್ತೆ. ನೆರೆಯವರು ಬಾಗಿಲು ಹಾಕಿಕೊಂಡರು. ಬೇವಿನ ಸೊಪ್ಪಿನಲ್ಲಿ ಗಾಳಿ ಬೀಸಿದ್ದು, ಗಂಜಿ ಕುಡಿಸಿದ್ದು ಎಲ್ಲ ಮುದ್ದುವೇ. ಒಂದೇ ಕೋಣೆಯ ಮನೆಯಲ್ಲಿ ಮಗುವನ್ನು ದೂರ ಇಡುವುದೆಲ್ಲಿ? ಬೆಳಗಾದರೆ ಕುಶಲಾಳ ಮೈ ಸವರಿ ನೋಡುವಳು. ಒಂದು ಗುಳ್ಳೆಯೂ ಏಳಲಿಲ್ಲ.

ಅತ್ತೆ ಬದುಕಿದಳು, ಒಂದು ಕಣ್ಣು ಹೋಯಿತು. ಉಳಿದ ಕಣ್ಣಿನಿಂದ ಸೊಸೆಯನ್ನು ದಿಟ್ಟಿಸಿದಳು. "ದೇವಿ ನಿನ್ನನ್ನು ಮುಟ್ಟಲಿಲ್ಲ, ಮಗುವನ್ನೂ ಮುಟ್ಟಲಿಲ್ಲ. ಎಂತ ಮಾಡಿದ್ದಿ?"

ಮುದ್ದು ಸೆರಗು ಸರಿಸಿ ಕಲೆ ತೋರಿಸಿದಳು.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕೇಳ್ತಿದ್ರಾ?"

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು. ಯಾಕೆ ಹೇಳಲಿಲ್ಲ ಎಂಬ ಅವಳ ಪ್ರಶ್ನೆ ಮಾತ್ರ ಮುದ್ದುವನ್ನು ಬಹಳ ಕಾಲ ಚುಚ್ಚಿತು.

ಲ್ಯಾನ್ಸಿ ಮತ್ತೆ ಬಂದಾಗ ಅವನಿಗಿಂತ ಮುಂದೆ ಅವಳೇ ಮನೆಮನೆಗೆ ನಡೆದಳು. ಸೂಜಿ ಕಾಯಿಸಿದ್ದಾ, ಕೈ ತೊಳೆದದ್ದಾ ಎಂದು ಅವನನ್ನು ಎಲ್ಲರೆದುರು ಗದರಿಸಿ ಕೇಳುವಳು. ಆಮೇಲೆ ಹೆಂಗಸರಿಗೆ ಹೇಳುವಳು: "ತೋಳು ಊದ್ತದೆ, ಜ್ವರ ಬರ್ತದೆ. ಹಾಕಿಸಿಕೊಳ್ಳಿ. ಮುದುಕಿಯರನ್ನೂ ಕರೆಯಿರಿ."