ನಳ್ಳಿ ತೋರಿಸಿದ ನೀರು

ನಾನು ಚಿಕ್ಕವನಿದ್ದಾಗ, ಬರಗಾಲದಲ್ಲಿ ಕನಸು ಕಂಡು ಊರಿಗೆ ನೀರು ತೋರಿಸಿದೆ ಎಂಬ ಕತೆಯನ್ನು ಮೊಮ್ಮಕ್ಕಳಾದ ನೀವೆಲ್ಲ ನಿಮ್ಮ ಅಜ್ಜಿಯ ಬಾಯಿಂದ ಕೇಳಿದ್ದೀರಿ. ಮನೆಗೆ ನೆಂಟರು ಬಂದಾಗಲೆಲ್ಲ ಆಕೆ ಅದನ್ನು ಹೇಳುತ್ತಾಳೆ. ನಾನು ತಲೆ ಬಗ್ಗಿಸಿಕೊಂಡು ಊಟ ಮಾಡುತ್ತಿರುತ್ತೇನೆ. ಎಷ್ಟು ವಿನಯ ಈ ಮುದುಕನಿಗೆ ಎಂದು ನೆಂಟರು ಅಂದುಕೊಳ್ಳುತ್ತಾರೆ. ಅದು ವಿನಯವಲ್ಲ, ನಾಚಿಕೆ. ಹೋದ ಭಾನುವಾರ ಹಳ್ಳದ ದಡದಲ್ಲಿ ನಿಮ್ಮಲ್ಲಿ ಚಿಕ್ಕವನು ಒಂದು ಬಿಲದೊಳಗೆ ಕಡ್ಡಿ ತೂರಿಸಿದಾಗ ನಾನು ಊರು ಕೇಳುವಂತೆ ಗದರಿದೆ. ಪಾಪ, ಅವನು ಅತ್ತುಕೊಂಡು ಹೋಗಿ ಕಾರಿನಲ್ಲಿ ಕುಳಿತ. ಯಾಕೆ ಗದರಿದೆ ಎಂದು ನಾನು ಹೇಳಲಿಲ್ಲ. ಹೇಳಬೇಕಾದರೆ ಆ ಕನಸಿನ ಕತೆಯ ಗುಟ್ಟನ್ನೇ ಬಿಚ್ಚಬೇಕು. ಇವತ್ತು ಬಿಚ್ಚಿಬಿಡುತ್ತೇನೆ.

ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ನಮ್ಮೂರಿಗೆ ಕರೆಂಟೂ ಬಂದಿರಲಿಲ್ಲ, ಕೊಳಾಯಿಯೂ ಬಂದಿರಲಿಲ್ಲ. ಕನಕಪುರದಿಂದ ಆಚೆ, ಬಂಡೆಗುಡ್ಡಗಳ ನಡುವೆ ಹನ್ನೆರಡು ಮನೆಗಳ ಊರು ಅದು. ಪಕ್ಕದಲ್ಲೇ ಒಂದು ಹಳ್ಳ ಹರಿದು ಅರ್ಕಾವತಿಗೆ ಹೋಗಿ ಸೇರುತ್ತಿತ್ತು. ಮಳೆಗಾಲದಲ್ಲಿ ಆ ಹಳ್ಳದ ಯಾವ ಕಲ್ಲನ್ನು ಮಗುಚಿದರೂ ಅದರ ಅಡಿಯಲ್ಲಿ ಒಂದು ಸಂಸಾರವಿರುತ್ತಿತ್ತು. ಮರಳಿನ ಕಾಳುಗಳನ್ನು ಅಂಟಿಸಿಕೊಂಡು ಅಂಗಿ ಮಾಡಿಕೊಂಡ ಹುಳುಗಳು, ನೀವು ಏರೋಪ್ಲೇನ್ ಚಿಟ್ಟೆ ಎನ್ನುವ ಕೊಡತಿಯ ಆರು ಕಾಲಿನ ಮರಿಗಳು, ನೀರಿನ ಬಸವನಹುಳು, ಮತ್ತೆ ನಳ್ಳಿ. ಏಡಿಗೆ ನಮ್ಮ ಕಡೆ ನಳ್ಳಿ ಎನ್ನುತ್ತಾರೆ.

ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಅವೆಲ್ಲ ಸತ್ತುಹೋಗುತ್ತವೆ ಎಂದು ನಾನು ತಿಳಿದಿದ್ದೆ. ಒಂದು ದಿನ ಅಪ್ಪ ಒಣಗಿ ಬಿರಿದ ಕೆಸರಿನಿಂದ ಒಂದು ಬಸವನಹುಳುವನ್ನು ಕಿತ್ತು ನನ್ನ ಅಂಗೈ ಮೇಲಿಟ್ಟ. ಅದು ಚಿಪ್ಪಿನ ಬಾಯಿಗೆ ಕದ ಹಾಕಿಕೊಂಡು ಒಳಗೆ ಕೂತಿತ್ತು. ಚೊಂಬಿನ ನೀರಿಗೆ ಹಾಕಿದೆವು. ನಾನು ರೊಟ್ಟಿ ತಿಂದು ಮುಗಿಸಿ ಬರುವಷ್ಟರಲ್ಲಿ ಅದು ಕದ ತೆಗೆದು ಮೀಸೆ ಆಡಿಸುತ್ತಿತ್ತು. ಆಮೇಲೆ ಅಪ್ಪ ಮೊಳದುದ್ದ ಮರಳು ಬಗೆದು, ಅಡಿಯ ಒದ್ದೆ ಮರಳನ್ನು ಬಟ್ಟಲ ನೀರಿನಲ್ಲಿ ಕದಡಿ ತೋರಿಸಿದ. ಕಣ್ಣಿಗೆ ಕಂಡೂ ಕಾಣದಂಥ ಮರಿಗಳು ಅದರಲ್ಲಿ ಮಿಸುಕಾಡುತ್ತಿದ್ದವು. ಮೇಲೆ ನೀರಿಲ್ಲದಾಗ ಅವು ಮರಳಿನೊಳಗಿನ ತೇವಕ್ಕೆ ಇಳಿದು ಕೂರುತ್ತವಂತೆ.

ನಳ್ಳಿ ಮಾತ್ರ ಸುಮ್ಮನೆ ಕೂರುವ ಜಾತಿಯಲ್ಲ. ನೀರು ಕೆಳಗಿಳಿದಂತೆ ಅದೂ ಬಿಲ ತೋಡಿಕೊಂಡು ನೀರಿನ ಹಿಂದೆಯೇ ಇಳಿಯುತ್ತದೆ. ತೋಡಿದ ಹಸಿ ಮಣ್ಣನ್ನು ಉಂಡೆ ಕಟ್ಟಿ ತಂದು ಬಿಲದ ಬಾಯಿಗೆ ಸುರಿಯುತ್ತದೆ. ನಮ್ಮ ಹಳ್ಳದ ಮರಳಿನಡಿ ಹೆಚ್ಚಿನ ಕಡೆ ಹಾಸುಬಂಡೆ ಇತ್ತು, ಎಲ್ಲೆಂದರಲ್ಲಿ ತೋಡಿದರೆ ಗುದ್ದಲಿಯ ಬಾಯಿ ಮುರಿಯುತ್ತಿತ್ತು. ಅದಕ್ಕೆ ಅಪ್ಪ ಬೆಳಗ್ಗೆ ಎದ್ದು ದಡದುದ್ದಕ್ಕೂ ನಳ್ಳಿ ಬಿಲಗಳನ್ನು ನೋಡಿಕೊಂಡು ಹೋಗುತ್ತಿದ್ದ. ಮಣ್ಣುಂಡೆ ಹೊಸದಾಗಿ, ಕಪ್ಪಗೆ, ಒದ್ದೆಯಾಗಿ ಇದ್ದ ಕಡೆ ನೀರು ಹತ್ತಿರವಿದೆ ಎಂದರ್ಥ. ಅಲ್ಲಿ ಒರತೆ ತೋಡಿದರೆ ತಿಳಿನೀರು ಊರುತ್ತಿತ್ತು. ಊರಿನ ಹನ್ನೆರಡು ಮನೆಯೂ ಬೇಸಿಗೆ ಕಳೆಯುತ್ತಿದ್ದದ್ದು ಹಾಗೆ.

ಆದ್ದರಿಂದ ನಮ್ಮೂರಲ್ಲಿ ಒಂದು ಕಟ್ಟಳೆ ಇತ್ತು. "ಹಳ್ಳ ಹರಿಯೋಗಂಟ ನಳ್ಳಿ ಹಿಡ್ದು ಸಾರು ಮಾಡ್ಕೊಂಡು ತಿನ್ನಿ. ಬತ್ತುದ್ ಮ್ಯಾಲೆ ಮುಟ್ಬ್ಯಾಡಿ," ಎಂದು ಅಪ್ಪ ಹೇಳುತ್ತಿದ್ದ. ನನಗೆ ಅದು ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಆ ವರ್ಷ ಮುಂಗಾರು ಹತ್ತಿರ ಬಂದರೂ ಒಂದು ಹನಿ ಬಿದ್ದಿರಲಿಲ್ಲ. ಶಾಲೆಗೆ ರಜೆ. ತೆಂಗಿನ ಗರಿಯ ಕಡ್ಡಿಯನ್ನು ಬಿಲಕ್ಕೆ ಬಿಟ್ಟು, ನಳ್ಳಿ ಅದನ್ನು ಕಚ್ಚಿ ಹಿಡಿದಾಗ ಸರಕ್ಕನೆ ಎಳೆಯುವ ವಿದ್ಯೆ ನನಗೆ ಹೊಸದಾಗಿ ಕೈಹತ್ತಿತ್ತು. ಜೊತೆಯ ಹುಡುಗರು ಬೆರಗಾಗಿ ನೋಡುತ್ತಿದ್ದರು. ಹಾಗೆ ನೋಡುವವರಿದ್ದರೆ ನನಗೆ ಆಗಲೂ ಬುದ್ಧಿ ನಿಲ್ಲುತ್ತಿರಲಿಲ್ಲ, ಈಗಲೂ ಕಷ್ಟವೇ. ಹಳ್ಳದ ತಿರುವಿನಲ್ಲಿದ್ದ ಬಿಲಗಳನ್ನೆಲ್ಲ ಮೂರು ದಿನದಲ್ಲಿ ಬರಿದು ಮಾಡಿದೆ. ಕೆಂಡದಲ್ಲಿ ಸುಟ್ಟು, ಉಪ್ಪು ಖಾರ ಹಚ್ಚಿ ತಿಂದೆವು. ಕೊನೆಯ ಬಿಲದಲ್ಲಿ ಮಾತ್ರ ಕಡ್ಡಿಗೆ ಏನೂ ಸಿಗಲಿಲ್ಲ. ತೋಳನ್ನು ಭುಜದವರೆಗೆ ಇಳಿಸಿದೆ. ಬೆರಳ ತುದಿಗೆ ತಣ್ಣನೆಯ ನೀರು ತಗುಲಿತು, ನಳ್ಳಿ ಸಿಗಲಿಲ್ಲ. ಅಪ್ಪ ನೋಡಿದರೆ ಬೆನ್ನು ಮುರಿಯುತ್ತಾನೆ ಎಂದು ಹೆದರಿ, ಬಿಲಗಳಿಗೆಲ್ಲ ಒಣಮಣ್ಣು ತುಂಬಿ ಕಾಲಲ್ಲಿ ತುಳಿದು ಸಮ ಮಾಡಿದೆ.

ಅದಾದ ಎರಡನೆಯ ಬೆಳಗ್ಗೆ ನಾವು ನೀರು ತರುತ್ತಿದ್ದ ಒರತೆಯಲ್ಲಿ ಕೆಸರು ಮಾತ್ರ ಉಳಿದಿತ್ತು. ಅಪ್ಪ ಗುದ್ದಲಿ ಹೆಗಲಿಗಿಟ್ಟು ಹೊರಟ. ಹಿಂದೆ ನಾನು, ಅಕ್ಕ, ಬಿಂದಿಗೆ ಹಿಡಿದ ಹೆಂಗಸರು. ತಿರುವಿಗೆ ಬಂದು ಅಪ್ಪ ನಿಂತ. ಒಂದು ಬಿಲವೂ ಕಾಣಲಿಲ್ಲ, ಒಂದು ಮಣ್ಣುಂಡೆಯೂ ಇರಲಿಲ್ಲ.

"ಇಲ್ಲಿ ನಳ್ಳಿಗಳೇ ಬುಟ್ಟೋಗವೆ ಕಣವ್ವ. ನೀರು ಕೆಳಕ್ಕೋಗೈತೆ," ಎಂದು ಅಕ್ಕನಿಗೆ ಹೇಳಿ ಮುಂದೆ ನಡೆದ.

ನೀರು ಅಲ್ಲೇ, ಅವನ ಕಾಲಡಿ, ನನ್ನ ಒಂದು ತೋಳಿನಷ್ಟು ಆಳದಲ್ಲಿತ್ತು. ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಬಿಡಲಿಲ್ಲ, ನನ್ನ ಜೊತೆ ನಳ್ಳಿ ತಿಂದ ಹುಡುಗರೂ ಏಟಿಗೆ ಹೆದರಿ ಬಿಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅವತ್ತು ನನ್ನ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡೇ ನಡೆದೆ.

ಅಪ್ಪ ಅಂದಾಜಿನ ಮೇಲೆ ಹೊಂಗೆಮರದ ಕೆಳಗೆ ತೋಡಿದ. ಸೊಂಟದಾಳಕ್ಕೆ ಹೋದಾಗ ಗುದ್ದಲಿ ಠಣ್ ಎಂದಿತು, ಬಂಡೆ. ಇನ್ನೊಂದು ಕಡೆ ತೋಡಿದ, ಅಲ್ಲೂ ಬಂಡೆ. ಬಿಸಿಲು ಏರಿ ಮರಳು ಹಂಚಿನಂತೆ ಕಾದಿತು. ಅಪ್ಪನ ಬೆನ್ನ ಮೇಲೆ ಬೆವರು ಹರಿದು, ಒಣಗಿ, ಉಪ್ಪಿನ ಗೆರೆ ಮೂಡಿತು. ಕುಡಿಯಲಾದರೂ ಬೇಕಲ್ಲ ಎಂದು ಅಕ್ಕ ಸಿಂಬಿ ಮಾಡಿಕೊಂಡು ಗಡಿಗೆ ಹೊತ್ತು, ಗುಡ್ಡದಾಚೆಯ ಊರಿನ ಬಾವಿಗೆ ಹೊರಟಳು. ಅವಳಿಗೆ ಚಪ್ಪಲಿ ಇರಲಿಲ್ಲ. ಯಾರಿಗೂ ಇರಲಿಲ್ಲ.

ಅಪ್ಪ ಮೂರನೆಯ ಗುಂಡಿಗೆ ಕೈ ಹಾಕಿದ, ನಾನು ಅದರ ಮರಳನ್ನು ಬುಟ್ಟಿಯಲ್ಲಿ ಎತ್ತಿ ಹಾಕಿದೆ. ಈಗ ಹೇಳುತ್ತೇನೆ, ಇನ್ನು ಹತ್ತು ಬುಟ್ಟಿ ಆದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಾ ಎಷ್ಟೋ ಹತ್ತು ಬುಟ್ಟಿಗಳು ಆದವು. ಹೊತ್ತು ಹೋದಷ್ಟೂ ಹೇಳುವುದು ಕಷ್ಟವಾಯಿತು.

ಸೂರ್ಯ ನೆತ್ತಿ ದಾಟಿದ ಮೇಲೆ ಅಕ್ಕ ಬಂದಳು. ಒಂದು ಗಡಿಗೆ ನೀರು, ಅದರಲ್ಲೂ ಅರ್ಧ ತುಳುಕಿತ್ತು. ಕೂತು ಕಾಲು ಮಡಿಸಿದಾಗ ಅವಳ ಅಂಗಾಲಿನಲ್ಲಿ ಬೊಬ್ಬೆ ಎದ್ದು ಒಡೆದದ್ದು ಕಂಡಿತು. ಮೊದಲ ಚೊಂಬನ್ನು ನನಗೇ ಕೊಟ್ಟಳು, ಚಿಕ್ಕವನೆಂದು. "ಕುಡ್ಕೊಳ್ಳಪ್ಪ. ನಾನು ಒಸಿ ಕೂತಿದ್ದು ಇನ್ನೊಂದ್ ಸಲ ಹೋಗ್ಬತ್ತೀನಿ," ಎಂದಳು.

ನಾನು ಚೊಂಬನ್ನು ಕೆಳಗಿಟ್ಟೆ. "ಅಪ್ಪ, ಆ ತಿರುವ್ನಲ್ಲಿ ತೋಡು. ನೀರೈತೆ," ಎಂದೆ.

"ಅಲ್ಲಿ ನಳ್ಳಿನೇ ಇಲ್ವಲ್ಲ. ನಿಂಗೆಂಗ್ಲಾ ಗೊತ್ತು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇದ್ದದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು, "ರಾತ್ರಿ ಕನಸು ಬಿದ್ದಿತ್ತು," ಎಂದೆ.

ಅಪ್ಪ ತಿರುವಿಗೆ ಹೋಗಿ ನಾನು ತೋರಿಸಿದ ಕಡೆ ತೋಡಿದ. ಮೊಣಕಾಲಿನ ಆಳಕ್ಕೆ ಮರಳು ಕಪ್ಪಾಯಿತು, ಇನ್ನು ನಾಲ್ಕು ಬೆರಳು ಇಳಿದಾಗ ನೀರು ಜಿನುಗಿತು. ಹೆಂಗಸರು ಗುಂಡಿಯ ಸುತ್ತ ಮುಗಿಬಿದ್ದರು. ಎದುರು ಮನೆಯ ಮುದುಕಿ ಆ ಒದ್ದೆ ಮಣ್ಣನ್ನು ನನ್ನ ಹಣೆಗೆ ಹಚ್ಚಿ, "ನಿನ್ ಕನಸಿಗೆ ಬಂದೋಳು ಗಂಗವ್ವನೇ ಕಣಪ್ಪ," ಎಂದು ಎರಡು ಕೈ ಜೋಡಿಸಿದಳು. ಅಂಥ ಹಿರಿಯಳು ನನಗೆ ಕೈಮುಗಿದಾಗ ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು. ಅಕ್ಕ ತನ್ನ ಸುಟ್ಟ ಕಾಲನ್ನು ಮರೆತು ನನ್ನ ತಲೆ ಸವರಿದಳು.

ಅಪ್ಪ ಗುಂಡಿಯಿಂದ ಏನನ್ನೋ ಎತ್ತಿಕೊಂಡು ಮೇಲೆ ಬಂದ. ಒಂದು ದೊಡ್ಡ ನಳ್ಳಿ. ಅದರ ಹೊಟ್ಟೆಯ ಮಡಿಕೆಯಲ್ಲಿ ರಾಗಿಕಾಳಿನಷ್ಟು ಪುಟ್ಟ ಮರಿಗಳು, ಎಷ್ಟೋ ಮರಿಗಳು, ಒಂದರ ಮೇಲೊಂದು ಅಂಟಿಕೊಂಡಿದ್ದವು. ನಾನು ಮಣ್ಣು ತುಂಬಿದ ಕೊನೆಯ ಬಿಲದ ತಾಯಿ ಅದು. ಅಪ್ಪ ಅದನ್ನು ನೋಡಿದ. ಗುಂಡಿಯ ಅಂಚಿನಲ್ಲಿ ನಾನು ತುಳಿದು ಮುಚ್ಚಿದ್ದ ಬಿಲದ ಒಣಮಣ್ಣನ್ನು ನೋಡಿದ. ಅದರೊಳಗೆ ಸಿಕ್ಕಿದ್ದ ತೆಂಗಿನ ಕಡ್ಡಿಯ ತುಂಡನ್ನು ನೋಡಿದ. ಆಮೇಲೆ ನನ್ನನ್ನು ದಡದ ಮೇಲ್ಗಡೆಗೆ ಕರೆದುಕೊಂಡು ಹೋಗಿ, ನೆರಳಿದ್ದ ಕಡೆ ತೇವದ ಮಣ್ಣು ಸಿಗುವವರೆಗೆ ತೋಡಿ, ಆ ತಾಯಿಯನ್ನು ನನ್ನ ಕೈಗೆ ಕೊಟ್ಟ.

"ನೀನೇ ಬುಡು. ನಳ್ಳಿ ಹಿಡಿಯೋದ್ರಲ್ಲಿ ಪಳಗಿದ್ದೀಯ," ಎಂದ.

ಅಷ್ಟೇ. ಹೊಡೆಯಲಿಲ್ಲ, ಯಾರಿಗೂ ಹೇಳಲಿಲ್ಲ. ಒಂದು ಏಟು ಕೊಟ್ಟಿದ್ದರೆ ಅವತ್ತೇ ಅತ್ತು ಮುಗಿಸುತ್ತಿದ್ದೆ.

ತಿಂಗಳು ಕಳೆದು ಮಳೆ ಬಂತು, ಹಳ್ಳ ಹರಿಯಿತು. ಬಸವನಹುಳುಗಳು ಕದ ತೆಗೆದವು, ಕಲ್ಲಿನಡಿಯ ಸಂಸಾರಗಳು ಮತ್ತೆ ಶುರುವಾದವು. ಆದರೆ ಮುಂದಿನ ಬೇಸಿಗೆಯಲ್ಲಿ ತಿರುವಿನ ದಡದಲ್ಲಿ ಎಳ್ಳಿನಷ್ಟು ಮಣ್ಣುಂಡೆಗಳು ಮಾತ್ರ ಕಂಡವು. ಮರಿಗಳ ಬಿಲ ಗೇಣುದ್ದವೂ ಇರಲಿಲ್ಲ, ಅವು ಆಳದ ನೀರಿನ ಸುದ್ದಿ ಎಲ್ಲಿಂದ ತಂದಾವು? ಅದರಾಚೆಯ ಬೇಸಿಗೆಗೆ ಉಂಡೆಗಳು ಕಡಲೆಯಷ್ಟಾದವು, ಅದರಾಚೆಗೆ ಅವರೆಕಾಳಿನಷ್ಟು. ಅಷ್ಟು ಬೇಸಿಗೆಯೂ ಅಪ್ಪ ಅಂದಾಜಿನಲ್ಲೇ ತೋಡಿದ. ಊರವರು ಮಾತ್ರ ಪ್ರತಿ ವರ್ಷ ನನ್ನ ಹತ್ತಿರ ಬಂದು, ಕನಸು ಬಿತ್ತಾ ಎಂದು ಕೇಳುತ್ತಿದ್ದರು. ಅಕ್ಕ ಮದುವೆಯಾಗಿ ಹೋದ ಊರಿನಲ್ಲೂ ತಮ್ಮನ ಕನಸಿನ ಕತೆಯನ್ನು ಹೆಮ್ಮೆಯಿಂದ ಹೇಳಿದಳು. ನಿಮ್ಮ ಅಜ್ಜಿಗೆ ಅದನ್ನು ಹೇಳಿದವಳೂ ಅವಳೇ. ಅಕ್ಕ ತೀರಿಹೋಗಿ ಆರು ವರ್ಷವಾಯಿತು. ಅವಳ ಅಂಗಾಲಿನ ಕಲೆ ಕೊನೆಯವರೆಗೂ ಹಾಗೇ ಇತ್ತು, ನಾನು ಕೊನೆಯವರೆಗೂ ಹೇಳಲಿಲ್ಲ.

ನಿಮಗೆ ಕೊಳಾಯಿ ತಿರುಗಿಸಿದರೆ ನೀರು. ನಿಂತುಹೋದರೆ ಟ್ಯಾಂಕರಿಗೆ ಫೋನು. ಬೋರ್‌ವೆಲ್ ಲಾರಿ ಬಂದು ಎಷ್ಟು ಅಡಿ ಕೊರೆಯುತ್ತದೆ ಎಂದು ಕೇಳಿದರೆ ನನಗೆ ತಲೆ ತಿರುಗುತ್ತದೆ, ಅಷ್ಟು ಆಳಕ್ಕೆ ಯಾವ ನಳ್ಳಿಯೂ ಇಳಿಯಲಾರದು. ನಮ್ಮ ಹಳ್ಳದಲ್ಲಿ ಈಗ ಒಂದು ದಿನ ನೊರೆನೀರು ಬಂದರೆ ಒಂದು ತಿಂಗಳು ಏನೂ ಇರುವುದಿಲ್ಲ. ಆದರೂ ಭಾನುವಾರ ಆ ತಿರುವಿನಲ್ಲಿ ಕಪ್ಪಗೆ, ಒದ್ದೆಯಾಗಿ, ಅವರೆಕಾಳಿನಷ್ಟು ದಪ್ಪದ ಮಣ್ಣುಂಡೆಗಳಿದ್ದವು. ಚಿಕ್ಕವನು ಕಡ್ಡಿ ತೂರಿಸಿದ್ದು ಆ ಬಿಲಕ್ಕೆ. ಅವನಿಗೆ ಯಾರೂ ಕಟ್ಟಳೆ ಹೇಳಿರಲಿಲ್ಲ, ತಪ್ಪು ಅವನದಲ್ಲ. ಗೊತ್ತಿದ್ದೂ ತೂರಿಸಿದವನು ನಾನು.

ನಿಮ್ಮ ಅಜ್ಜಿ ಬಾಗಿಲ ಹಿಂದೆ ನಿಂತು ಇದೆಲ್ಲವನ್ನೂ ಕೇಳಿಸಿಕೊಂಡಿದ್ದಾಳೆ, ನನಗೆ ಬಳೆ ಸದ್ದು ಕೇಳಿತು. ಮುಂದಿನ ಸಲ ನೆಂಟರು ಬಂದಾಗ ಈ ಕತೆಯನ್ನು ನೀವೇ ಹೇಳಿ. ಕನಸನ್ನು ಬಿಟ್ಟು, ಅಕ್ಕನ ಅಂಗಾಲನ್ನು ಸೇರಿಸಿ ಹೇಳಿ. ನನಗೆ ತಲೆ ಎತ್ತಿಕೊಂಡು ಊಟ ಮಾಡಲು ಆಗುತ್ತದೋ ನೋಡೋಣ.