ತಂಗಿಯನ್ನು ಮಲಗಿಸಿದ್ದು

ಅವ್ವ ಇರಲಿಲ್ಲ, ಹಾಗಾಗಿ ತಂಗಿಯ ಬಾಣಂತನ ನನ್ನ ಪಾಲಿಗೆ ಬಂತು. ಚಿಕ್ಕೇರೂರಿನ ನಮ್ಮ ಮನೆಗೇ ಅವಳನ್ನು ಕರೆತಂದಿದ್ದೆ. ಎರಡು ಹೆತ್ತು ಎದ್ದವಳು ನಾನು, ನನಗೆ ತಿಳಿಯದ್ದೇನಿದೆ ಎಂಬ ಸೊಕ್ಕು ಬೇರೆ.

ಹೆರಿಗೆಯಾಗಿ ಮೂರನೇ ವಾರಕ್ಕೆ ಅವಳ ಪಾದಗಳು ಊದಿದವು. ಬೆರಳಿಟ್ಟು ಒತ್ತಿದರೆ ಕುಣಿ ಬಿದ್ದು ಹಾಗೆಯೇ ಉಳಿಯುತ್ತಿತ್ತು. ಮೈ ತುಂಬಿಕೊಳ್ಳುತ್ತಿದ್ದಾಳೆ ಎಂದು ಓಣಿಯವರೆಲ್ಲರ ಮುಂದೆ ಹೇಳಿಕೊಂಡೆ. ಕೆಮ್ಮು ಬಂತು, ಶೀತ ಎಂದು ಅವಳು ಮಲಗುವ ಹೊರಸಿನ ಕೆಳಗೆ ಕೆಂಡ ಹೆಚ್ಚಿಸಿದೆ. ಮಲಗಿಸಿದರೆ ಸಾಕು, ಎದ್ದು ಕೂರುತ್ತಿದ್ದಳು. ಹಸಿ ಬಾಣಂತಿ ಕೂತರೆ ಸೊಂಟ ಬಿದ್ದುಹೋಗುತ್ತದೆ ಎಂಬುದು ನಮ್ಮ ಕಡೆಯ ಕಟ್ಟುನಿಟ್ಟು.

"ಅಕ್ಕ, ಮಲಗಿದ್ರ ಉಸರು ಸಾಲವಲ್ದು. ಒಂದೀಟು ಕುಂದರ್ತೇನಿ," ಅಂದಳು.

ಜಗತ್ತಿನಲ್ಲಿ ನೀನೊಬ್ಬಳೇ ಹೆತ್ತವಳೇನು ಎಂದು ಗದರಿ, ಎರಡೂ ಭುಜ ಹಿಡಿದು ಒತ್ತಿ ಮಲಗಿಸಿದೆ. ಒಂದು ಸಲವಲ್ಲ, ನಾಲ್ಕು ದಿನ.

ತುಟಿ ನೀಲಿಯಾದಾಗ ತಂಗಿಯ ಗಂಡ ಚಕ್ಕಡಿ ಕಟ್ಟಿಕೊಂಡು ಹೋಗಿ ಹಿರೇಕೆರೂರಿನಿಂದ ಡಾಕ್ಟರರನ್ನು ಕರೆತಂದ. ಎದೆಗೆ ನಳಿಗೆ ಹಚ್ಚಿದವರು ಮೊದಲು ಮಾಡಿದ ಕೆಲಸ, ಹಾಸಿಗೆ ಸುತ್ತಿ ಬೆನ್ನಿಗೆ ಕೊಟ್ಟು ಅವಳನ್ನು ಕೂರಿಸಿದ್ದು. ಹೃದಯ ಸೋತಿದೆ, ರಕ್ತವನ್ನು ಮುಂದೆ ದೂಡುವ ಶಕ್ತಿ ಅದಕ್ಕಿಲ್ಲ, ಆದ್ದರಿಂದ ಕಾಲಿನಲ್ಲೂ ಪುಪ್ಪುಸದಲ್ಲೂ ನೀರು ನಿಲ್ಲುತ್ತಿದೆ ಎಂದರು. ಉಪ್ಪು ತಿಂದರೆ ಆ ನೀರು ಹೆಚ್ಚುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ ಎಂದೂ ತಿಳಿಸಿದರು.

"ಇಕಿನ್ನ ಮಲಗಿಸಿದವರು ಯಾರ್ರಿ?" ಎಂದು ಕೇಳಿದರು.

ತಂಗಿ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಆ ಸುಮ್ಮನಿರುವಿಕೆಗೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆಯಿದೆ.

ಹೃದಯಕ್ಕೆ ಹನಿ ಔಷಧಿ, ನೀರಿಳಿಸಲು ಒಂದು ಸೂಜಿ. ಎರಡು ದಿನ ಅವಳಿಗೆ ಮೂತ್ರ ಧಾರಾಳವಾಗಿ ಹೋಗಿ ಪಾದದ ಗೆಣ್ಣುಗಳು ಕಾಣಿಸಿದವು. ಉಪ್ಪಿಲ್ಲದ ಸಾರು ಉಂಡು, ಅಕ್ಕನ ಕೈರುಚಿ ಕೆಟ್ಟಿದೆ ಎಂದು ನಕ್ಕಳು. ಉಳಿದಳು ಅಂದುಕೊಂಡೆ. ಮೂರನೇ ದಿನ ಮತ್ತೆ ಊತ ಏರಿತು, ಸೂಜಿಮದ್ದು ಡಾಕ್ಟರರ ಬಳಿ ಮುಗಿದಿತ್ತು. ಯುದ್ಧದ ಕಾಲ, ಮದ್ದು ಸಿಗುವುದೇ ಕಷ್ಟವಾಗಿತ್ತು. ತಂಗಿಯ ಗಂಡ ಹಾನಗಲ್ಲಿಗೆ ಹೋದ, ಅಲ್ಲಿ ಇಲ್ಲವೆಂದು ಶಿಗ್ಗಾಂವಿಗೆ ಹೋದ. ನಾನು ಅವಳನ್ನು ಎದೆಗೆ ಆನಿಸಿಕೊಂಡು ಕೂತು, ಕಂಡ ದೇವರನ್ನೆಲ್ಲ ಬೇಡಿದೆ, ಬೈದೆ. ಅವನು ಬರಿಗೈಯಲ್ಲಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸುತ್ತಾರೆ, ಮಣ್ಣಿಗೂ ಕೂರಿಸಿಯೇ ಕೊಡುತ್ತಾರೆ. ಅವಳ ಮೈ ಒಂದೇ ಸಮನೆ ವಾಲುತ್ತಿತ್ತು. ಓಣಿಯ ಹಿರಿಯಳೊಬ್ಬಳು ನನ್ನನ್ನು ಕರೆದು, "ಭುಜಾ ಹಿಡಕೋ ಯವ್ವಾ, ನೆಟ್ಟಗ ಕುಂದರ್ಲಿ," ಅಂದಳು.

ಹಿಡಿದುಕೊಂಡೆ.