ಸೂಜಿಗೆ ಮುಂಚಿನ ಪ್ರಶ್ನೆ

ಮೊನ್ನೆ ಮಂಡಿ ನೋವು ತೋರಿಸಲು ಚಿತ್ರದುರ್ಗದ ಒಂದು ಆಸ್ಪತ್ರೆಗೆ ಹೋಗಿದ್ದೆ. ಪಕ್ಕದ ಮಂಚದವರಿಗೆಂದು ನರ್ಸ್ ಪೆನಿಸಿಲಿನ್ ಕಲಸುತ್ತಿದ್ದಳು. ರಬ್ಬರ್ ಮುಚ್ಚಳದಿಂದ ಸೂಜಿ ಹೊರಬಂದಾಗ ಆ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಮೂವತ್ತೈದು ವರ್ಷ ಅದೇ ಕೆಲಸ ಮಾಡಿದವಳು ನಾನು. ಆದರೂ ಕೂರಲಾಗದೆ ಎದ್ದು ಹೊರಗೆ ಬಂದೆ...

ಎಪ್ಪತ್ತರ ದಶಕದ ನಡುವೆ, ನರ್ಸಿಂಗ್ ಓದುತ್ತಿದ್ದ ನನ್ನನ್ನು ಹಿರಿಯೂರು ಸೀಮೆಯ ಒಂದು ಹಳ್ಳಿ ಆಸ್ಪತ್ರೆಗೆ ತರಬೇತಿಗೆ ಹಾಕಿದ್ದರು. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನ ಯಾರಿಗೆ ಯಾವ ಔಷಧಿ, ಎಷ್ಟು ಎಂದು ತೀರ್ಮಾನಿಸುತ್ತಿದ್ದವರು ಅಲ್ಲಿನ ಹಿರಿಯ ನರ್ಸ್, ಎಲ್ಲರ ಬಾಯಲ್ಲಿ ಸಿಸ್ಟರ್. ಐವತ್ತರ ಹತ್ತಿರದ ಹೆಂಗಸು, ಗಂಡ ತೀರಿಕೊಂಡಿದ್ದರು. ತೂಕದ ಯಂತ್ರ ಕೆಟ್ಟು ವರ್ಷವಾಗಿತ್ತು. ಮಕ್ಕಳನ್ನು ಸೊಂಟದ ಮೇಲೆ ಎತ್ತಿಕೊಂಡು "ಒಂಬತ್ತು ಕೆಜಿ" ಎಂದು ಅಂದಾಜಿಸಿ, ಮಾತ್ರೆಯನ್ನು ಅರ್ಧವೋ ಕಾಲೋ ಮಾಡುತ್ತಿದ್ದರು.

"ಸೂಜಿ ಹಿಡಿಯೋಕ್ ಮುಂಚೆ ಬಾಯಿ ಬಿಟ್ಟು ಕೇಳವ್ವ," ಎನ್ನುತ್ತಿದ್ದರು. "ಇದನ್ನ ಹಿಂದೆ ತಗಂಡಿದ್ರಾ, ಏನಾರ ಆಗಿತ್ತಾ ಅಂತ." ಆಮೇಲೆ ಔಷಧಿ ಮೈಗೆ ಒಗ್ಗುತ್ತದೋ ಎಂದು ನೋಡಲು ಮುಂಗೈ ಚರ್ಮದಡಿ ಒಂದು ಹನಿ ಹಾಕಿ, ರೋಗಿಯನ್ನು ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಯಾರು ಅವಸರ ಮಾಡಿದರೂ ಕೇಳುತ್ತಿರಲಿಲ್ಲ.

ಒಂದು ದಿನ ಐಮಂಗಲದ ಕಡೆ ಹೆರಿಗೆ ಕಷ್ಟವಾಗಿದೆ ಎಂದು ಅವರನ್ನು ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ದರು. ಹೊರಡುವಾಗ ಔಷಧಿ ಬೀರುವಿನ ಬೀಗದ ಕೈಯನ್ನು ನನಗೆ ಕೊಟ್ಟು, "ಗಾಯ ತೊಳ್ದು ಪಟ್ಟಿ ಕಟ್ಟು, ಸಾಕು. ಸೂಜಿ ನಾನ್ ಬಂದ್ ಮ್ಯಾಲೆ," ಎಂದರು.

ಅವರು ಹೋದ ಸ್ವಲ್ಪ ಹೊತ್ತಿಗೆ ಒಬ್ಬ ಕುರಿಗಾಹಿ ಹೆಂಡತಿಯನ್ನು ಕರೆತಂದ. ಮುಳ್ಳು ಚುಚ್ಚಿದ ಕಾಲು ಊದಿಕೊಂಡು ಕೀವಾಗಿತ್ತು, ಮೈ ಸುಡುತ್ತಿತ್ತು. "ಬಿರ್ರನೆ ನೋಡವ್ವ, ಕುರಿ ಬಿಟ್ಟು ಬಂದೀವಿ," ಎಂದ. ಇಂಥ ಕಾಲಿಗೆ ಸಿಸ್ಟರ್ ಪೆನಿಸಿಲಿನ್ ಕೊಡುವುದನ್ನು ಎಷ್ಟೋ ಸಲ ನೋಡಿದ್ದೆ. ನನಗೂ ಬರುತ್ತದೆ ಎಂಬ ಜಂಬ. ಏನೂ ಕೇಳಲಿಲ್ಲ, ಹನಿ ಹಾಕಿ ಕಾಯಲಿಲ್ಲ. ಕೊಟ್ಟುಬಿಟ್ಟೆ.

ಆಕೆ ಕುತ್ತಿಗೆ ಕೆರೆದುಕೊಂಡಳು. "ಯಾಕೋ ಗಂಟ್ಲು ಕಟ್ತೈತೆ," ಎಂದಳು. ಇಂಥ ಹೊತ್ತಿನಲ್ಲಿ ಜೀವ ಉಳಿಸುವ ಅಡ್ರಿನಲಿನ್ ಬೀರುವಿನಲ್ಲೇ ಇತ್ತು. ಅವಸರದಲ್ಲಿ ಕತ್ತು ಮುರಿಯಹೋಗಿ ಮೊದಲ ಗಾಜಿನ ಸೀಸೆ ಪುಡಿಯಾಯಿತು. ಎರಡನೆಯದನ್ನು ಸಿರಿಂಜಿಗೆ ಎಳೆದುಕೊಂಡು ತಿರುಗುವಷ್ಟರಲ್ಲಿ ಆಕೆಯ ಉಸಿರು ನಿಂತಿತ್ತು.

ಗಂಡ ಬೈಯಲಿಲ್ಲ. ಆಕೆಯ ತಲೆ ತೊಡೆಯ ಮೇಲಿಟ್ಟುಕೊಂಡು, "ಹೋದ್ ವರ್ಸ ಸೂಜಿ ಹಾಕ್ಸಿದಾಗ್ಲೂ ಮೈಯೆಲ್ಲ ದದ್ದು ಎದ್ದಿದ್ವು. ನೀನು ಕೇಳ್ಲಿಲ್ವಲ್ಲವ್ವ," ಎಂದ.

ವಿಚಾರಣೆಗೆ ಬಂದ ಅಧಿಕಾರಿ ಕೇಳಿದರು: "ಇಂಜೆಕ್ಷನ್ ಕೊಟ್ಟಿದ್ದು ಯಾರು?"

ಸಿಸ್ಟರ್ ನನ್ನ ಕಡೆ ನೋಡಿದರು, ಕಾದರು. ನಾನು ತಲೆ ತಗ್ಗಿಸಿದೆ. "ಬೀಗದ ಕೈ ಕೊಟ್ಟೋಳು ನಾನು ಸಾರ್. ನನ್ ಹೆಸ್ರು ಬರ್ಕಳ್ರಿ," ಎಂದರು.

ಅವರ ಕೆಲಸ ಹೋಯಿತು. ಟ್ರಂಕು ಹಿಡಿದು ಬಸ್ಸು ಹತ್ತಿದರು. ನಾನು ಪರೀಕ್ಷೆ ಪಾಸಾದೆ, ಸರ್ಕಾರಿ ನೌಕರಿ ಸಿಕ್ಕಿತು. ವಿದ್ಯಾರ್ಥಿನಿಯರಿಗೆ ಪಾಠ ಮಾಡುವಾಗ ಈ ಕಥೆ ಹೇಳುತ್ತಿದ್ದೆ, "ಒಬ್ಬ ಹುಡುಗಿ" ಎಂದು. ನಾನು ಎಂದು ಒಮ್ಮೆಯೂ ಹೇಳಲಿಲ್ಲ.

ಮೊನ್ನೆ ಚಿತ್ರದುರ್ಗದ ಆಸ್ಪತ್ರೆಯಿಂದ ಬಂದ ಮರುದಿನವೇ ವಿಳಾಸ ಹುಡುಕಿಕೊಂಡು ಸಿಸ್ಟರ್ ತವರೂರು ಮಾಡದಕೆರೆಗೆ ಹೋದೆ. ಸಿಸ್ಟರ್ ಸತ್ತು ಎಷ್ಟೋ ವರ್ಷವಾಗಿತ್ತು. ಅವರ ತಮ್ಮನ ಸೊಸೆ ನೀರು ಕೊಟ್ಟು ಹೇಳಿದಳು: "ಜ್ವರ ಅಂತ ಜನ ಬಂದ್ರೆ ಬಾಗ್ಲು ಹಾಕ್ಕಣೋರು. ನಂಗೇನೂ ಗೊತ್ತಿಲ್ಲ, ಹೋಗ್ರಿ ಅನ್ನೋರು. ಕೊನೇಗೆ ತಮಗೆ ಹುಷಾರಿಲ್ದಾಗ್ಲೂ ಒಂದ್ ಮಾತ್ರೆ ಮುಟ್ಲಿಲ್ಲ." ಆಮೇಲೆ ಕೇಳಿದಳು, "ನೀವ್ಯಾರು ಅಂತ ಗೊತ್ತಾಗ್ಲಿಲ್ಲ?"

ಈಗಲಾದರೂ ಹೇಳಬಹುದಿತ್ತು. "ಪರಿಚಯದವಳು," ಎಂದೆ. ಲೋಟ ಕೆಳಗಿಟ್ಟು ಹೊರಟುಬಂದೆ.